ಬಾಗಿಲು ಬಡಿದ ನೆಂಟ

ಬಾಗಿಲ ಮೇಲೆ ಟಕಟಕ ಸದ್ದಾದದ್ದೇ ತಡ, ಸಂಚಮಾಯಾ ಬಿದಿರಿನ ತೊಂಗ್ಬಾ ಪಾತ್ರೆಗೆ ಹುಳಿಬಂದ ರಾಗಿ ತುಂಬಿ ಬಿಸಿನೀರು ಹೊಯ್ದಳು. ಬಂದವರು ಯಾರೇ ಆಗಲಿ, ಮೊದಲು ಗುಟುಕು, ಆಮೇಲೆ ಮಾತು. ಬೆಟ್ಟನಾಡಿನ ಲಿಂಬು ಜನರ ಮನೆಯ ರೀತಿಯೇ ಅದು. ಬಾಗಿಲು ತೆರೆದರೆ, ಹಿಂದಲೆಗೆ ಕುಂಕುಮ ಮೆತ್ತಿಕೊಂಡಂಥ ಮರಕುಟಿಗವೊಂದು ಚೌಕಟ್ಟು ಕುಟ್ಟುತ್ತಿದೆ!

ಗಂಡ ಮನ್‌ಧೋಜ್ ಬಿದ್ದು ಬಿದ್ದು ನಕ್ಕ. “ಭಾರೀ ನೆಂಟ ಕಣೇ ನಿಂಗೆ! ತಡಿ, ಕಲ್ಲು ಬೀಸ್ತೀನಿ.”

ಅಂಗಳದಲ್ಲಿ ಅವನು ಬೆಳಿಗ್ಗೆ ಕಾಡಿನಿಂದ ಕಡಿದು ತಂದ ಒಣಮರದ ತುಂಡುಗಳಿದ್ದವು. ಒಂದರಲ್ಲಿದ್ದ ದುಂಡನೆಯ ಪೊಟರೆ ಸಂಚಮಾಯಾಳ ಕಣ್ಣಿಗೆ ಬಿತ್ತು.

“ಅವನ ಮನೇನೇ ಕಡಿದು ತಂದಿದೀಯಲ್ಲ ಮಾರಾಯ! ನಮ್ಮ ಬಾಗಿಲು ಬಡೀದೆ ಇನ್ನೇನ್ಮಾಡ್ತಾನೆ?”

ಮನ್‌ಧೋಜ್ ಪೆಚ್ಚಾಗಿ ತೊಂಗ್ಬಾದತ್ತ ಕೈಚಾಚಿದ. ಅವಳು ಹಿಂದಕ್ಕೆಳೆದುಕೊಂಡಳು.

“ಇದು ನೆಂಟಂದು. ಮೊದ್ಲು ಅವನ ಮನೆ ತಗೊಂಡೋಗಿ ಮರಕ್ಕೆ ಕಟ್ಟಿ ಬಾ.”