ಹಿಂಬಾಗಿಲಿನಿಂದ ಹೋಗಿ ಮುಂಬಾಗಿಲಿಗೆ ಬರುವವಳು

ಹೊತ್ತು ಇಳಿಯುತ್ತಿದ್ದಂತೆ ಅಪ್ಪನಿಗೆ ಅಮ್ಮ ಯಾರೋ ಆಗಿಬಿಡುತ್ತಾಳೆ. "ಯಾರಮ್ಮ ನೀನು? ನಮ್ಮನೆಯವಳು ಬರೋ ಹೊತ್ತಾಯ್ತು, ಹೊರಡು" ಎನ್ನುತ್ತಾನೆ. ಮೊದಮೊದಲು ಅಮ್ಮ ವಾದ ಮಾಡಿದಳು, ಅತ್ತಳು, ಮದುವೆಯ ಫೋಟೊ ತಂದು ಮುಖಕ್ಕೆ ಹಿಡಿದಳು. ಯಾವುದೂ ನಾಟಲಿಲ್ಲ. ಕೊನೆಗೆ ತಾನೇ ಒಂದು ಉಪಾಯ ಕಂಡುಕೊಂಡಳು. "ಆಯ್ತು ಸ್ವಾಮಿ, ಹೊರಟೆ" ಎಂದು ಹಿಂಬಾಗಿಲಿನಿಂದ ಹೋಗುವುದು, ಮನೆ ಸುತ್ತಿ ಬಂದು ಮುಂಬಾಗಿಲ ಬೆಲ್ ಒತ್ತುವುದು. ಅಪ್ಪ ಬಾಗಿಲು ತೆಗೆದು, "ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ? ಯಾವಳೋ ಬಂದು ಮನೆಯೆಲ್ಲ ತಡಕಾಡಿ ಹೋದ್ಳು" ಎಂದು ದೂರು ಹೇಳುತ್ತಾನೆ. "ಹೌದಾ? ನಾಳೆ ಬರಲಿ, ಅವಳ ಗ್ರಹಚಾರ ಬಿಡಿಸ್ತೀನಿ" ಎಂದು ಅಮ್ಮ ತನ್ನನ್ನೇ ಬೈದುಕೊಂಡು ಒಳಗೆ ಬರುತ್ತಾಳೆ.

ಇದು ನನಗೆ ಗೊತ್ತಾದಾಗ ಮೈಯೆಲ್ಲ ಉರಿಯಿತು. "ಇದೇನಮ್ಮ ನಾಟಕ ಕಂಪನಿ? ಒಬ್ಬ ನರ್ಸನ್ನ ಇಟ್ಕೊಳ್ಳೋಣ" ಎಂದೆ.

"ನನ್ನನ್ನೇ ಓಡಿಸ್ತಾರೆ, ನರ್ಸನ್ನ ಇರೋಕೆ ಬಿಡ್ತಾರಾ?" ಎಂದು ಅಮ್ಮ ನಕ್ಕಳು. ನಕ್ಕಾಗ ಕಣ್ಣಿನ ಕೆಳಗಿನ ಕಪ್ಪು ಇನ್ನಷ್ಟು ಎದ್ದು ಕಂಡಿತು. "ಬೆಲ್ ಆದಾಗಾದ್ರೂ ನಾನು ಅವರ ಹೆಂಡತಿ ಅಲ್ವಾ? ಅಷ್ಟು ಸಾಕು ನಂಗೆ. ಅದನ್ನ ಕಿತ್ಕೋಬೇಡ."

ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಅಂಗಡಿ ಮುಚ್ಚಿದ ಮೇಲೆ ದಿನವೂ ಅವರ ಮನೆಗೆ ಹೋಗಿ ಅಪ್ಪನ ಪಕ್ಕ ಕೂರುತ್ತೇನೆ, ಅಮ್ಮ ಒಂದು ಗಳಿಗೆ ಬೆನ್ನು ಚಾಚಲಿ ಎಂದು. ನನ್ನಿಂದ ಆಗುತ್ತಿದ್ದುದು ಅಷ್ಟೇ.

ಆವತ್ತು ಹೋದಾಗ ಅಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನನ್ನು ಕಂಡವಳೇ ಕೈ ಹಿಡಿದು ಎಳೆದಳು. "ನಾನು ಹೊರಗೆ ಬರ್ತಿದ್ದ ಹಾಗೇ ಹಿಂದಿನ ಚಿಲಕ ಹಾಕ್ಕೊಂಡುಬಿಟ್ರು. ಮುಂದಿಂದೂ ಹಾಕಿದೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದಳು.

ಕಿಟಕಿಯ ಸಂದಿಯಿಂದ ಗ್ಯಾಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಾಲು ಉಕ್ಕಿ ಉರಿ ಆರಿಹೋಗಿರಬೇಕು. ನಾನು ಬಾಗಿಲಿಗೆ ಭುಜ ಕೊಟ್ಟು ತಳ್ಳಿದೆ, ಒದ್ದೆ. ಅಪ್ಪ ಬೀಗ, ಚಿಲಕದ ಕೆಲಸದವನು. ಊರವರ ಬಾಗಿಲುಗಳಿಗೆ ಏನು ಹಾಕಿಕೊಟ್ಟಿದ್ದನೋ, ಸ್ವಂತ ಮನೆಗಂತೂ ಆನೆ ಗುದ್ದಿದರೂ ಜಗ್ಗದ ಚಿಲಕ ಕೂರಿಸಿದ್ದ. ಒಳಗೆ ಪಾತ್ರೆ ಸರಿಸುವ ಸದ್ದು, ಡಬ್ಬಿ ಬೀಳುವ ಸದ್ದು. "ಈ ಲೈಟರ್ ಎಲ್ಲಿ ಸತ್ತಿದೆಯೋ" ಎಂದು ಗೊಣಗುತ್ತಿದ್ದ.

ಅಮ್ಮನ ಬೆರಳು ಬೆಲ್ಲಿನ ಕಡೆ ಹೋಯಿತು. ಥಟ್ಟನೆ ಹಿಡಿದುಕೊಂಡೆ. "ಒತ್ತಬೇಡಮ್ಮ. ಒಂದು ಕಿಡಿ ಹಾರಿದ್ರೆ ಮುಗೀತು."

ಅಮ್ಮ ಬಾಗಿಲಿಗೆ ಬಾಯಿ ಹಚ್ಚಿ, "ರೀ, ನಾನು ಬಂದಿದ್ದೀನಿ, ಬಾಗಿಲು ತೆಗೀರಿ" ಎಂದಳು.

"ನೀನೇ ಅಲ್ವಾ ಈಗ ಹಿಂದಿಂದ ಹೋದೋಳು?" ಅಪ್ಪನ ದನಿ ಹತ್ತಿರ ಬಂತು. "ನನ್ನ ಹೆಂಡತಿ ಬಂದ್ರೆ ಬೆಲ್ ಒತ್ತಾಳೆ. ಯಾರ ಹತ್ರ ಆಟ ಆಡ್ತೀಯ?"

ಅಮ್ಮ ಬಾಗಿಲಿನಿಂದ ಹಿಂದೆ ಸರಿದಳು. ದಿನವೂ ಈ ಪಾಠ ಕಲಿಸಿದವಳು ಅವಳೇ.

ನಾನು ಪಕ್ಕದ ಕಿಟಕಿಗೆ ಹೋಗಿ ಗಾಜು ತಟ್ಟಿದೆ. "ಅಪ್ಪ, ನಾನು, ಇಲ್ಲಿ ನೋಡು." ಅಪ್ಪ ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಅವನ ಮುಖ ಅರಳಿತು. ಮಗಳನ್ನು ಕಂಡು ಯಾವತ್ತೂ ಹಾಗೆ ಅರಳಿದ್ದಿಲ್ಲ. ಅಮ್ಮ ಹರೆಯದಲ್ಲಿ ಥೇಟ್ ನನ್ನ ಹಾಗೇ ಇದ್ದಳಂತೆ, ಎಲ್ಲರೂ ಹೇಳುತ್ತಾರೆ.

"ಬಂದ್ಯಾ? ತಡಿ, ಕತ್ತಲೆ, ಲೈಟ್ ಹಾಕ್ತೀನಿ" ಎಂದು ಅಪ್ಪ ಸ್ವಿಚ್ಚಿನ ಕಡೆ ಕೈ ಎತ್ತಿದ.

ನಾನು ಅಮ್ಮನ ಕಡೆ ತಿರುಗಿದೆ. "ಹೆಂಡತಿ ಅನ್ಕೊಂಡಿದ್ದಾರೆ. ಹೂಂ ಅನ್ನು. ಬೇಗ" ಎಂದಳು ಅಮ್ಮ.

"ರೀ, ಲೈಟ್ ಬೇಡ" ಎಂದೆ. ಹೆತ್ತ ಅಪ್ಪನನ್ನೇ ಹಾಗೆ ಕರೆದಿದ್ದೆ. "ನಿಂತು ನಿಂತು ಕಾಲು ನೋಯ್ತಿದೆ. ಮೊದಲು ಬಾಗಿಲು ತೆಗೀರಿ."

ಕೈ ಇಳಿಯಿತು. ಚಿಲಕ ಸರಿಯಿತು. ನಾನು ಉಸಿರು ಬಿಗಿಹಿಡಿದು ಅಡುಗೆಮನೆಗೆ ನುಗ್ಗಿ ಒಲೆ, ಸಿಲಿಂಡರ್ ಎರಡನ್ನೂ ಬಂದ್ ಮಾಡಿದೆ, ಹಿಂಬಾಗಿಲು ಕಿಟಕಿಗಳನ್ನೆಲ್ಲ ತೆರೆದೆ. ಒಲೆಯ ಪಕ್ಕದಲ್ಲೇ, ಕೈಗೆ ಸಿಗುವಲ್ಲೇ ಲೈಟರ್ ಬಿದ್ದಿತ್ತು. ಎತ್ತಿ ಹಿತ್ತಲಿಗೆ ಎಸೆದೆ.

ಅಡುಗೆಮನೆಯಿಂದ ಹೊರಗೆ ಬಂದರೆ ಅಪ್ಪ ಮುಂಬಾಗಿಲಿಗೆ ಅಡ್ಡ ನಿಂತಿದ್ದ. "ಇವಳೇ ಕಣೆ ಅವಳು. ಒಳಗೆ ಬಿಡಬೇಡ."

"ಬರಲ್ಲ ಸ್ವಾಮಿ, ಹೊರಟೆ" ಎಂದಳು ಅಮ್ಮ. ನನ್ನ ಕಡೆ ನೋಡಿ ತಗ್ಗಿದ ದನಿಯಲ್ಲಿ, "ವಾಸನೆ ಪೂರ್ತಿ ಹೋಗಲಿ. ಒಂದು ಸುತ್ತು ಹಾಕ್ಕೊಂಡು ಬಂದು ಬೆಲ್ ಒತ್ತೀನಿ. ನೀನು ಆಗ ಹಿಂದಿಂದ ಹೋಗ್ಬಿಡು" ಎಂದಳು.

ಅಪ್ಪನಿಗೆ ಊಟ ಬಡಿಸಿದೆ. ಜಗಳ ಮಾಡದೆ ತಿಂದ, ನೀನೂ ತಿನ್ನು ಎಂದ. ವಾಸನೆ ಪೂರ್ತಿ ಹೋಗಿತ್ತು. ಬೆಲ್ ಆಯಿತು. ಸದ್ಯ, ಎಂದುಕೊಂಡು ಎದ್ದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ.

"ಯಾರೋ ಬಂದಿದ್ದಾರೆ, ನೋಡಿ" ಎಂದೆ. "ನಿಮ್ಮ ಹೆಂಡತಿ ಇರ್ಬೇಕು."

ಅಪ್ಪ ತಮಾಷೆ ಕೇಳಿದವನಂತೆ ನಕ್ಕ. "ನೀನು ಬಂದಾಯ್ತಲ್ಲ. ಇನ್ಯಾರು ಬರ್ಬೇಕು?"

ಬೆಲ್ ಮತ್ತೆ ಆಯಿತು. ಗ್ಯಾಸಿಗೂ ನಾನು ಅಷ್ಟು ಹೆದರಿರಲಿಲ್ಲ. ಅಪ್ಪ ಎದ್ದು ಹೋಗಿ ಮುಂಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, ವಾಪಸ್ ಬಂದು ನನ್ನ ಪಕ್ಕ ಕೂತ.