ತೆರೆದೇ ಇದ್ದ ಫೈಲು

ಸಹೋದ್ಯೋಗಿಯ ಮನೆಯಂಗಳದಲ್ಲಿ, ಅವನ ಶವದ ವ್ಯಾನಿಗೆ ದಾರಿಯಾಗಲೆಂದು ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಾಗ ಉಗ್ರಾಣದ ಗುಮಾಸ್ತೆಯ ಫೋನು ಅಲುಗಿತು. ಆಫೀಸಿನ ಮ್ಯಾನೇಜರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಹಳೇ ಸರ್ವರ್ ಪಾಸ್‌ವರ್ಡು ಅವರೊಬ್ಬರಿಗೇ ಗೊತ್ತಿದ್ದಿದ್ದು. ನಾಳೆ ಆ ರೂಮು ಖಾಲಿ ಆಗ್ಬೇಕು. ಸಿಗ್ಲಿಲ್ಲ ಅಂದ್ರೆ ಇವತ್ತು ಸಾಯಂಕಾಲಾನೇ ವೈರು ಕಿತ್ತುಬಿಡ್ತೀವಿ."

"ಕೀಳ್ಬೇಡಿ. ನಾನೇ ಬಂದು ಆಫ್ ಮಾಡ್ತೀನಿ."

ಬೆಳಿಗ್ಗೆ ಆಫೀಸಿನಲ್ಲಿ ಸುದ್ದಿ ಕೇಳಿದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಬರಲಿಲ್ಲ.

ಕುರ್ಚಿಯ ಇನ್ನೊಂದು ತುದಿ ಹಿಡಿದಿದ್ದವನು ಸತ್ತವನ ಭಾವಮೈದುನ. "ಹಾವಾಡಿಗ ಹೊರಟ. ಇನ್ನು ನಿಮ್ಮ ಹಾವಿನ ಗತಿ ಏನಮ್ಮಾ?" ಎಂದ. ಹಿಂದೆ ಯಾರೋ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು.

ಸತ್ತವನಿಗೆ ಹಾವಾಡಿಗ ಅಂತ ಹೆಸರು ಇಟ್ಟಿದ್ದು ಆಫೀಸಿನವರೇ.

*

ಮೂವತ್ತು ವರ್ಷದ ಹಿಂದೆ ನೀರು ಸರಬರಾಜು ಕಚೇರಿಯಲ್ಲಿ ಫ್ಲಾಪಿ ಹಿಡಿದು ಮಹಡಿ ಹತ್ತಿಳಿಯುವುದೇ ಅರ್ಧ ಕೆಲಸ. ಅವನು ಬಂದು ಮೂರೂ ಮಹಡಿಗೆ ತಂತಿ ಎಳೆದ. ಕೆಳಗಿನ ಕೋಣೆಯ ಒಂದೇ ಯಂತ್ರದಲ್ಲಿ, ಆ ಸರ್ವರಿನಲ್ಲಿ, ಎಲ್ಲರ ಫೈಲು. ಎಲ್ಲರಿಗೂ ಒಂದೇ ಪ್ರಿಂಟರು. ಯಾರೂ ಮುಟ್ಟದಿದ್ದಾಗ ಸರ್ವರಿನ ಕಪ್ಪು ಪರದೆಯ ಮೇಲೆ ಒಂದು ಹಾವು ಹರಿದಾಡುತ್ತಿತ್ತು. ಕೆಲಸ ಹೆಚ್ಚಿದಷ್ಟೂ ಅದರ ಬಾಲ ಉದ್ದ. ಹಾವು ಪರದೆ ತುಂಬಿದ ದಿನ ಅವನು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದ. ಯಂತ್ರ ನಿಲ್ಲಿಸಬೇಕಾದರೆ, ಯಾರ ಫೈಲಾದರೂ ತೆರೆದಿದ್ದರೆ, ಮೆಟ್ಟಿಲು ಹತ್ತಿ ಹೋಗಿ ಅವರ ಮೇಜಿನ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದ. "ಮುಗೀತಾ? ಅವಸರ ಏನಿಲ್ಲ."

ಆಮೇಲೆ ಬಂದ ಕಂಪ್ಯೂಟರುಗಳಿಗೆ ಫೈಲು ಹಂಚಿಕೊಳ್ಳುವುದು ಹುಟ್ಟಿನಿಂದಲೇ ಗೊತ್ತಿತ್ತು. ಒಂದೊಂದೇ ಮೇಜು ಆ ಕಡೆ ಹೋಯಿತು. ಹಾವು ಎರಡು ಬೆರಳಿನಷ್ಟಾಯಿತು. ಕೊನೆಗೆ ಉಳಿದವಳು ಇವಳೊಬ್ಬಳು.

ಇವಳಿಗೂ ಅದು ಬೇಕಿರಲಿಲ್ಲ. ದಿನಾ ಬೆಳಿಗ್ಗೆ ಪೈಪುಗಳ ಹಳೆಯ ಪಟ್ಟಿಯೊಂದನ್ನು ಅದರಲ್ಲಿ ತೆರೆದಿಟ್ಟು, ತನ್ನ ಕೆಲಸವನ್ನೆಲ್ಲ ಹೊಸದರಲ್ಲಿ ಮಾಡುತ್ತಿದ್ದಳು. ಬಳಸುವವರು ಒಬ್ಬರಿದ್ದರೂ ಸಾಕು, ಅವನ ಕುರ್ಚಿ ಉಳಿಯುತ್ತದೆ.

*

ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

"ಅತ್ತಿಗೆ, ಇವತ್ತು ಕೇಳಬಾರದು, ಆದ್ರೂ..."

"ಪಾಸ್‌ವರ್ಡ್ ತಾನೇ? ಕ್ಯಾಲೆಂಡರ್ ಹಿಂದೆ ಬರೆದಿದಾರೆ, ನೋಡಿ. ನಿಮಗೇ ಕೊಡು ಅಂದಿದ್ರು." ಅವಳು ನಲ್ಲಿ ನಿಲ್ಲಿಸಲಿಲ್ಲ. "ಎದೆನೋವು ಅಂತಿದ್ರಲ್ಲ, ಕೆಲಸ ಬಿಡಿ ಅಂತ ವರ್ಷದಿಂದ ಬಡ್ಕೊಂಡೆ. 'ಆ ಹುಡುಗಿ ಹೊಸದಕ್ಕೆ ಹೆದರ್ತಾಳೆ ಕಣೇ, ಅವಳೊಬ್ಬಳಿಗೋಸ್ಕರ ನಡೆಸ್ತಿದೀನಿ' ಅನ್ನೋರು."

ಹುಡುಗಿಗೆ ಐವತ್ತೆರಡು.

"ಕೊನೆಗೂ ಹೊಸದು ಕಲಿತ್ರಾ?"

ನೀರು ಸುರಿಯುತ್ತಲೇ ಇತ್ತು.

"ಹೂಂ ಅತ್ತಿಗೆ. ಕಲಿತೆ."

"ಸದ್ಯ."

*

ಕೆಳಗಿನ ಕೋಣೆಯ ಬಾಗಿಲಲ್ಲಿ ಮ್ಯಾನೇಜರು ಗಡಿಯಾರ ನೋಡುತ್ತ ನಿಂತಿದ್ದ. ಅವಳು ಪಾಸ್‌ವರ್ಡು ಹಾಕಿದಳು. ಎರಡು ಬೆರಳಿನ ಹಾವು ಮಾಯವಾಯಿತು. ಯಂತ್ರ ನಿಲ್ಲಿಸುವ ಆಜ್ಞೆ ಟೈಪ್ ಮಾಡಿದಳು. ಒಂದು ಫೈಲು ಇನ್ನೂ ತೆರೆದಿದೆ, ಆದರೂ ನಿಲ್ಲಿಸಲೇ ಎಂದು ಯಂತ್ರ ಕೇಳಿತು.

ಪೈಪುಗಳ ಪಟ್ಟಿ. ಬೆಳಿಗ್ಗೆ, ಸುದ್ದಿ ಬರುವ ಮುಂಚೆ, ತೆರೆದದ್ದು.

"ಹೂಂ ಅಂತ ಒತ್ತಿಬಿಡಿ ಮೇಡಂ, ಮುಗೀತು," ಎಂದ ಮ್ಯಾನೇಜರು.

"ಯಾರದೋ ಫೈಲು ತೆರೆದಿದೆ," ಎಂದು ಅವಳು ಎದ್ದಳು.

ಮೆಟ್ಟಿಲು ಹತ್ತಿದಳು. ಮೂರನೇ ಮಹಡಿಯಲ್ಲಿ ಯಾರೂ ಇರಲಿಲ್ಲ. ತನ್ನ ಖಾಲಿ ಕುರ್ಚಿಯ ಪಕ್ಕ ಹೋಗಿ, ಕೈಕಟ್ಟಿ ನಿಂತಳು.