ಐಜಿರೆಕ್ ಕರಿದ ಬೋರ್ಸೋಕ್

ಬಂದು ಐದು ತಿಂಗಳಾದರೂ ಐಜಿರೆಕ್ ಆ ಮನೆಗೆ ಹೊಂದಿಕೊಂಡಿರಲಿಲ್ಲ. ಎಂಟು ವರ್ಷದ ಹುಡುಗಿ. ಹೆತ್ತವಳು ಕ್ಷಯ ಹಿಡಿದು ನಾರಿನ್ ಪಟ್ಟಣದ ಆಸ್ಪತ್ರೆ ಸೇರಿದಾಗ, ನೋಡಿಕೊಳ್ಳುವವರಿಲ್ಲವೆಂದು ಸರ್ಕಾರದವರು ಅವಳನ್ನು ಸೈರಾಗುಲ್ ಮನೆಯಲ್ಲಿ ಬಿಟ್ಟಿದ್ದರು, ತಾಯಿ ಗುಣವಾಗುವ ತನಕ. ಮಕ್ಕಳಿಲ್ಲದ ಸೈರಾಗುಲ್ ಆ ಕೊನೆಯ ಮಾತೊಂದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಗಿಗೆ ಹೊಸ ಬೂಟು ಬಂತು, ಉಣ್ಣೆಯ ಅಂಗಿ ಬಂತು, ತಟ್ಟೆಗೆ ಕೆನೆ ಬಿತ್ತು. ಅವಳೋ, ಬಸ್ಸು ಬರುವ ಹೊತ್ತಿಗೆ ದಿನವೂ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದಳು. ಅವ್ವ ಯಾವಾಗ ಬರುತ್ತಾಳೆ ಎಂಬುದೊಂದೇ ಪ್ರಶ್ನೆ. ಕೇಳಿ ಕೇಳಿ ಸೈರಾಗುಲ್‌ಗೆ ಸಾಕಾಗಿತ್ತು. ಇಷ್ಟೆಲ್ಲ ಮಾಡಿದರೂ ತಾನು ಬರೀ ಅಕ್ಕ, ಎಲ್ಲೋ ಮಲಗಿರುವವಳು ಅವ್ವ ಎಂಬ ಹೊಟ್ಟೆಯುರಿ ಬೇರೆ. ಒಂದು ದಿನ ಹೇಳಿಯೇಬಿಟ್ಟಳು.

"ನಿಮ್ಮವ್ವ ತೀರ್ಕೊಂಡ್ಳು ಕಣೆ. ಇನ್ಮೇಲೆ ನಿಂಗೆ ನಾನೇ."

ಹುಡುಗಿ ಅಳಲಿಲ್ಲ. ಗೇಟಿನ ಕಡೆ ಹೋಗುವುದನ್ನೂ ಬಿಟ್ಟಳು. ಅಂತೂ ದಾರಿಗೆ ಬಂದಳು ಎಂದುಕೊಂಡಳು ಸೈರಾಗುಲ್.

ಆ ಗುರುವಾರ ಮಧ್ಯಾಹ್ನ ಅವಳು ಹೊಳೆಯಾಚೆ ಕುದುರೆಗಳ ಹಾಲು ಕರೆದು ಬರುವಷ್ಟರಲ್ಲಿ ಮನೆ ತುಂಬ ಎಣ್ಣೆಯ ಹೊಗೆ. ಬಾಣಲೆ ಮಗುಚಿ ಬಿದ್ದಿತ್ತು. ಎಣ್ಣೆಯಲ್ಲಿ ಕರಿಯುವ ಹಿಟ್ಟಿನ ತಿನಿಸು ಬೋರ್ಸೋಕ್, ಅದರ ಅರೆಬೆಂದ ತುಂಡುಗಳು ನೆಲದ ತುಂಬ ಹರಡಿದ್ದವು. ಐಜಿರೆಕ್ ಮೊಣಕೈವರೆಗೆ ಸುಟ್ಟ ಕೈ ಹಿಡಿದು ಕುಳಿತಿದ್ದಳು.

"ಸತ್ತೋರಿಗೆ ಎಣ್ಣೆ ವಾಸನೆ ಮುಟ್ಟಿಸ್ಬೇಕಲ್ವಾ ಅಕ್ಕ," ಎಂದಳು. "ಅವ್ವಂಗೆ ಯಾರೂ ಬೋರ್ಸೋಕ್ ಕರೀಲೇ ಇಲ್ಲ. ಹಸ್ಕೊಂಡಿರ್ತಾಳೆ."

ಗುರುವಾರ ಬೋರ್ಸೋಕ್ ಕರಿದು, ಆ ಎಣ್ಣೆಯ ವಾಸನೆಯಿಂದ ಸತ್ತವರ ಹಸಿವು ತಣಿಸುವುದು ಆ ಊರಿನ ವಾಡಿಕೆ. ಸೈರಾಗುಲ್ ಬದುಕಿರುವವಳಿಗೆ ಮಗಳ ಕೈಯಿಂದಲೇ ಎಡೆ ಇಡಿಸಿದ್ದಳು.

ಕೈಯನ್ನು ತಣ್ಣೀರಿನಲ್ಲಿ ಹಿಡಿಸಿ, ಊರಿನ ದಾದಿ ಕನಿಶಾಯ್‌ಗೆ ಹೇಳಿಕಳಿಸಿದಳು. ದಾದಿ ಪಟ್ಟಿ ಕಟ್ಟಿ ಹೊರಗೆ ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿಕೊಂಡಳು. ಈಗ ನಿಜ ಹೇಳಿದರೆ ಮಗು ತನ್ನ ಮುಖ ನೋಡುವುದಿಲ್ಲ, ಸುಮ್ಮನಿದ್ದರೆ ಹೇಗೋ ಮರೆಯುತ್ತಾಳೆ ಎಂದಳು. ಕನಿಶಾಯ್ ಇಂಥ ಮಕ್ಕಳನ್ನು ಬಹಳ ಕಂಡವಳು. ಹೆತ್ತವರ ಸುದ್ದಿ ಮುಚ್ಚಿಟ್ಟರೆ ಮಕ್ಕಳು ಮರೆಯುವುದಿಲ್ಲ, ಒಳಗೊಳಗೇ ಬೇಯುತ್ತಾರೆ, ಮುಂದೆ ಯಾರನ್ನೂ ನಂಬುವುದಿಲ್ಲ ಎಂದು ಬಿಡಿಸಿ ಹೇಳಿದಳು. ಆಸ್ಪತ್ರೆಗೆ ಕರೆದೊಯ್ಯಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಿಸು ಎಂದಳು.

"ಅವ್ವನ ಜಾಗ ನಿಂಗ್ಯಾಕೆ ಸೈರಾಗುಲ್? ಅಕ್ಕ ಅಂತಾಳಲ್ಲ, ಅದನ್ನಾದ್ರೂ ಉಳಿಸ್ಕೋ."

ಮಾರನೆಯ ದಿನ ಸೈರಾಗುಲ್ ಹುಡುಗಿಯ ಮುಂದೆ ಕುಳಿತು, ಅವ್ವ ಬದುಕಿದ್ದಾಳೆ, ತಾನು ಹೇಳಿದ್ದು ಸುಳ್ಳು ಎಂದು ತಪ್ಪೊಪ್ಪಿಕೊಂಡಳು. ಐಜಿರೆಕ್ ಪಟ್ಟಿ ಕಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಇದೂ ಸುಳ್ಳಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಸೈರಾಗುಲ್ ಆಸ್ಪತ್ರೆಗೆ ಫೋನು ಹಚ್ಚಿ ಕೊಟ್ಟಳು. ಆ ಕಡೆಯಿಂದ ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಮಗಳ ಹೆಸರು. ಆಗ ಅತ್ತಳು ಹುಡುಗಿ.

ತಾಯಿಗೆ ಇನ್ನೂ ಗುಣವಾಗಿಲ್ಲ, ಆಗುತ್ತದೋ ಇಲ್ಲವೋ ವೈದ್ಯರೂ ಹೇಳುತ್ತಿಲ್ಲ. ಭಾನುವಾರ ಬಂದರೆ ಐಜಿರೆಕ್ ಫೋನಿನ ನಂಬರನ್ನು ತಾನೇ ಒತ್ತುತ್ತಾಳೆ, ಅಕ್ಕನ ಕೈಗೆ ಕೊಡುವುದಿಲ್ಲ. ಸೈರಾಗುಲ್ ಪಕ್ಕದಲ್ಲಿ ಕೂತಿರುತ್ತಾಳೆ.

ಬೇರೆಯವರ ಮಗುವನ್ನು ಮನೆಯಲ್ಲಿಟ್ಟು ಸಾಕುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ದೊಡ್ಡ ಮನಸ್ಸು. ಮಗು ಹೆತ್ತವರ ಬಗ್ಗೆ ಕೇಳಿದಾಗ ನಿಜ ಹೇಳಿ. ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತೇನೆ ಅನ್ನಿ. ಬಾಯಿ ಬರದಿದ್ದರೆ ನಿಮ್ಮೂರ ದಾದಿಯನ್ನು ಜೊತೆಗೆ ಕರೆಯಿರಿ. ಬದುಕಿರುವ ತಾಯಿಗೆ ಇನ್ನೊಂದು ಮಗು ಎಡೆ ಇಡುವಂತೆ ಮಾಡಬೇಡಿ.